ಜವಳು

ನಮ್ಮ ಉಪಕಾಲುವೆ ಒಡೆದಿಲ್ಲ.
ಹದಿನೆಂಟು ವರ್ಷ ಸೌಡಿಯಾಗಿ ಅದರ ದಂಡೆ ತುಳಿದವನು ನಾನು,
ಒಡೆದಿದ್ದರೆ ಮೊದಲು ನನ್ನ ಕಿವಿಗೇ ಬೀಳುತ್ತಿತ್ತು.
ಆದರೂ ಕಾರಟಗಿಯ ಈಚೆ
ದಂಡೆಗೆ ತಗ್ಗಾದ ಹೊಲದಲ್ಲಿ
ನಡುಬೇಸಿಗೆಯಲ್ಲೂ ಹೆಜ್ಜೆ ಹೀರುತ್ತದೆ ನೆಲ.
ಮೇಲೆ ಉಪ್ಪಿನ ಬಿಳಿ ಪೊರೆ,
ಜೊಂಡು, ಒಂಟಿ ಕೊಕ್ಕರೆ.
ಹಾಸುಗಲ್ಲಿನ ಸಂದಿಯಿಂದ
ಯಾರೂ ನೋಡದ ಹಾಗೆ, ಹಗಲೂ ರಾತ್ರಿ,
ಜಿನುಗುತ್ತದೆ, ಅಷ್ಟೇ.

ಗಂಗಾವತಿ ಆಸ್ಪತ್ರೆಯ ಏಆರ್‌ಟಿ ಕೋಣೆಯಲ್ಲಿ
ಶಾಹೀನಾ ಮೇಡಂ ಹೇಳಿದ್ದೂ ಇದನ್ನೇ,
ಕಾಲುವೆಯ ಹೆಸರೆತ್ತದೆ.

"ವೈರಸ್ ಕಾಣ್ತಾ ಇಲ್ಲ ದ್ಯಾವಣ್ಣ, ಈ ಸಲಾನೂ."
ಒಂಬತ್ತು ವರ್ಷದಿಂದ ಕಾಣುತ್ತಿಲ್ಲ ಅದು.
ರಾತ್ರಿ ಉಂಡ ಮೇಲೆ ಒಂದು ಗುಳಿಗೆ,
ಒಂದು ದಿನವೂ ತಪ್ಪಿಸಿಲ್ಲ.
ಸುಳ್ಳು. ಎರಡು ದಿನ ತಪ್ಪಿದೆ,
ಅವ್ವ ಸತ್ತಾಗ.

"ಮತ್ತ ಈ ಮಣಕಾಲು? ಈ ಸುಸ್ತು?
ದಂಡಿ ಹತ್ತಿದ್ರ ಎದಿ ಹಿಡಿದಂಗ ಆಗೂದು?
ನಲವತ್ತಾರಕ್ಕ ಮುದುಕ ಆದ್ನೆಲ್ರೀ.
ಊರಾಗ ಕಳ್ಳನ ಇಲ್ಲ ಅಂದ ಮ್ಯಾಲ
ನಾಯಿ ಯಾಕ ಬೊಗಳಾಕ ಹತ್ಯಾವ?"

ಅವರು ಗುಳಿಗೆ ಡಬ್ಬಿಯ ರಟ್ಟು ಹರಿದು
ಹಿಂಬದಿಗೆ ಒಂದು ಕೊಳವೆ ಗೀಚಿದರು: ಕರುಳು.
ಅದರ ಒಳಮೈಗೆ ಒತ್ತೊತ್ತು ಇಟ್ಟಿಗೆ.
ಒಳಗೆ ಚುಕ್ಕೆ, ಚುಕ್ಕೆ, ಚುಕ್ಕೆ.
"ಇವು ಬ್ಯಾಕ್ಟೀರಿಯಾ. ಹೆದರಬೇಡಿ, ನಮ್ಮವೇ.
ನೀವು ತಿಂದ ರೊಟ್ಟೀಲಿ ಇವಕ್ಕೂ ಪಾಲಿದೆ."

ವೈರಸ್ ಬಂದ ಮೊದಲ ವಾರಗಳಲ್ಲೇ,
ನಾನು ಬರೀ ಜ್ವರವೆಂದು ಕಂಬಳಿ ಹೊದ್ದಿದ್ದ ದಿನಗಳಲ್ಲೇ,
ಗೋಡೆ ಕಾಯುವವರನ್ನು ಅದು ಕೊಂದಿತ್ತಂತೆ.
ಗುಳಿಗೆ ವೈರಸ್ಸನ್ನು ಕಟ್ಟಿಹಾಕಿತು,
ಗೋಡೆಯ ಗಾರೆ ಪೂರ್ತಿ ಮರಳಲಿಲ್ಲ.
ಸಂದಿಯಿಂದ ಬ್ಯಾಕ್ಟೀರಿಯಾದ ಚೂರುಪಾರು
ರಕ್ತಕ್ಕೆ ಸೋರುತ್ತವೆ.
ಮೈಯ ಕಾವಲು ನಿದ್ದೆಗೆಟ್ಟು
ದೀವಟಿಗೆ ಹಿಡಿದು ಓಡಾಡುತ್ತದೆ, ವರ್ಷಗಟ್ಟಲೆ.
ಆ ದೀವಟಿಗೆಯ ಕಾವು ಮಂಡಿಗೆ, ಎದೆಯ ನಾಳಕ್ಕೆ.
"ಇದಕ್ಕೆ ಉರಿಯೂತ ಅಂತಾರೆ."

ನಾನು ಪೆನ್ನು ಇಸಕೊಂಡು
ಕೊಳವೆಯ ಕೆಳಗೊಂದು ಹೊಲ ಬರೆದೆ,
ಹೊಲದೊಳಗೆ ಕೊಕ್ಕರೆ.
"ಜವಳು" ಎಂದೆ.
ತುಮಕೂರು ಕಡೆಯ ಮೇಡಂಗೆ ತಿಳಿಯಲಿಲ್ಲ.

ಜವಳೆಂದರೆ ನೀರಿನ ಸಿಟ್ಟಲ್ಲ ಮೇಡಂ.
ಗದ್ದೆಗೆ ಅನ್ನ ಕೊಟ್ಟ ಅದೇ ನೀರು,
ಇರಬೇಕಾದ ಜಾಗದಿಂದ
ಒಂದು ಗೇಣು ಆಚೆ.

"ಅದಕ್ಕೇನು ಮಾಡ್ತೀರಿ?"
ಬಸಿಗಾಲುವೆ ತೋಡತೀವ್ರಿ. ಕಲ್ಲು ಹೊಸದಾಗಿ ಹಾಸತೀವಿ,
ಟೆಂಡರ್ ಆದ ವರ್ಷ.
ಅವರು ನಕ್ಕರು. "ಇದಕ್ಕೆ ಇನ್ನೂ ಟೆಂಡರ್ ಆಗಿಲ್ಲ.
ಹುಡುಕ್ತಾ ಇದ್ದಾರೆ. ಮಾತ್ರೆ ಬಿಡಬೇಡಿ, ಬೀಡಿ ಬಿಡಿ.
ಮೊಸರು ತಿಂದರೆ ವಾಸಿ ಅಂತ ಯಾರಾದರೂ ಅಂದರೆ ನಂಬಬೇಡಿ.
ತಿನ್ನಬೇಡಿ ಅಂತಲೂ ಅಲ್ಲ."

ಬಸ್ಸಿನಲ್ಲಿ ಉಳಿದದ್ದು ಅದೊಂದೇ ಮಾತು, ಮೊಸರು.

ನನ್ನ ಸುದ್ದಿ ಓಣಿಗೆ ಗೊತ್ತಾದ ವರ್ಷ
ಪಕ್ಕದ ಯಂಕಮ್ಮ ನಮ್ಮಲ್ಲಿ ಹೆಪ್ಪು ಕೇಳುವುದ ಬಿಟ್ಟಳು.
ಬೈಯಲಿಲ್ಲ, ಜಗಳವಿಲ್ಲ,
ಬಟ್ಟಲು ಮಾತ್ರ ಬರಲಿಲ್ಲ.
ಹನ್ನೊಂದು ವರ್ಷ ಕನಕಮ್ಮ
ಒಂದೇ ಹೆಪ್ಪನ್ನು ದಿನದಿಂದ ದಿನಕ್ಕೆ ದಾಟಿಸಿದಳು,
ಚಳಿಗೆ ಗಡಿಗೆಯನ್ನು ಭತ್ತದ ಹೊಟ್ಟಿನಲ್ಲಿ ಹೂತು,
ಕೂಸಿನ ಮೈ ಮುಟ್ಟಿ ನೋಡುವಂತೆ ಮುಟ್ಟಿ ನೋಡಿ.
ಯಾರ ಮನೆಗೂ ಹೋಗಿ ಕೇಳಲಿಲ್ಲ.

ಆ ಸಂಜೆ ಯಂಕಮ್ಮನ ಮೊಮ್ಮಗಳು ಬಾಗಿಲಲ್ಲಿ,
ಕೈಯಲ್ಲಿ ಸ್ಟೀಲ್ ಬಟ್ಟಲು.
"ಬೆಕ್ಕು ಚೆಲ್ಲೇತಿ. ಅಮ್ಮ ಹೆಪ್ಪು ಕೇಳ್ಯಾಳ."

ಕನಕಮ್ಮ ನನ್ನ ಮುಖ ನೋಡಿದಳು.
ಒಂದು ಚಮಚ ಸಾಕಿತ್ತು, ಮೂರು ಹಾಕಿದಳು.
ನಮ್ಮ ಮನೆಯ ಕಾಣದ ಜೀವಗಳು
ಗೋಡೆ ದಾಟಿ ಹೋದವು,
ಸಂದಿಯಿಂದಲ್ಲ, ಬಾಗಿಲಿಂದ.

ರಾತ್ರಿ ಉಂಡು ಗುಳಿಗೆ ನುಂಗಿದೆ.
ಬೆಳಗಾಗ ಮಂಡಿ ನೋಯುತ್ತಲೇ ಇತ್ತು.
ಸಲಿಕೆ ಹೆಗಲಿಗಿಟ್ಟು ಹೊರಟಾಗ
ಹುಡುಗಿ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದಳು.
"ಹೆತ್ತೇನವಾ?"
"ಹೆತ್ತೇತಿ" ಎಂದಳು ನೊರೆಬಾಯಲ್ಲಿ,
"ಚೂರು ಹುಳಿ."